ಹೊಸ ಬರಹಗಾರರಿಗಾಗಿ ಒಂದು ಸಣ್ಣ ಸಾಹಿತ್ಯ ಪತ್ರಿಕೆ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ನರಗುಂದದಿಂದ)

ಎಲ್ಲರಿಗೂ ನಮಸ್ಕಾರ. ನಾನು ನರಗುಂದದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ನನಗೆ ಇಬ್ಬರು ಗೆಳತಿಯರಿದ್ದಾರೆ. ಒಬ್ಬಳು ಹುಬ್ಬಳ್ಳಿಯಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ ಮಾಡುತ್ತಾಳೆ, ಇನ್ನೊಬ್ಬಳು ಅಣ್ಣಿಗೇರಿಯ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಾಳೆ. ಎರಡು ವರ್ಷಗಳಿಂದ ನಾವು ಮೂವರೂ ತಿಂಗಳಿಗೊಂದು ಭಾನುವಾರ ಧಾರವಾಡದ ಸಾಧನಕೇರಿಯಲ್ಲಿ ಕೂಡಿ, ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತ ಬಂದಿದ್ದೇವೆ. ಆ ಕೂಟ ಈಗ ದೊಡ್ಡದಾಗಿದೆ. ಮುಂಡರಗಿ, ನವಲಗುಂದ, ಶಿಗ್ಗಾವಿ, ರೋಣದ ಕಡೆಯ ಸುಮಾರು ನಲವತ್ತು ಹುಡುಗ ಹುಡುಗಿಯರು ಕತೆ, ಕವಿತೆ, ಪ್ರಬಂಧಗಳನ್ನು ನಮಗೆ ಕಳಿಸುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರ ಒಂದು ಸಾಲೂ ಎಲ್ಲಿಯೂ ಅಚ್ಚಾಗಿಲ್ಲ.

ಇವರಿಗಾಗಿ ಒಂದು ತ್ರೈಮಾಸಿಕವನ್ನು ತರಬೇಕೆಂದು ಮನಸ್ಸು ಮಾಡಿದ್ದೇವೆ. ಮೂವರ ಉಳಿತಾಯ ಸೇರಿ 45,000 ರೂಪಾಯಿ ಇದೆ. ಅರವತ್ತನಾಲ್ಕು ಪುಟ, ಮುನ್ನೂರು ಪ್ರತಿ ಎಂಬುದು ಸದ್ಯದ ಅಂದಾಜು. ನೋಂದಣಿ ಮಾಡಿಸಲೇಬೇಕೇ? ಅಚ್ಚು ಹಾಕಿಸುವುದೋ, ಅಂತರಜಾಲದಲ್ಲಿಯೇ ತರುವುದೋ? ಚಂದಾ ಎಷ್ಟಿಡಬೇಕು, ಜಾಹೀರಾತು ತೆಗೆದುಕೊಳ್ಳಬಹುದೇ? ಈ ಕೆಲಸ ಮಾಡಿ ಬಲ್ಲವರು ದಯವಿಟ್ಟು ತಿಳಿಸಿ.

ಇನ್ನೊಂದು ಮಾತು. ನಾನೇ ಒಂದು ಪತ್ರಿಕೆಗೆ ಕತೆ ಕಳಿಸಿ ಹದಿನಾಲ್ಕು ತಿಂಗಳು ಕಾದಿದ್ದೆ. ಎರಡು ಸಲ ನೆನಪಿಸಿ ಪತ್ರ ಬರೆದರೂ ಹೌದು ಎಂಬ ಉತ್ತರವೂ ಬರಲಿಲ್ಲ, ಅಲ್ಲ ಎಂಬ ಉತ್ತರವೂ ಬರಲಿಲ್ಲ. ನಮ್ಮ ಪತ್ರಿಕೆ ಹಾಗಾಗಬಾರದು ಎಂಬ ಹಟ ನನಗಿದೆ.

ಉತ್ತರ 1 (ಹುಬ್ಬಳ್ಳಿಯಿಂದ)

ತಂಗೀ, ನೀವು ಎಲ್ಲಕ್ಕಿಂತ ಕೊನೆಗೆ ಹೇಳಿದ ಮಾತಿನಿಂದಲೇ ನಾನು ಆರಂಭಿಸುತ್ತೇನೆ, ಏಕೆಂದರೆ ನನ್ನ ತಿಳಿವಳಿಕೆಯಂತೆ ಪತ್ರಿಕೆ ಹುಟ್ಟಬೇಕಾದದ್ದು ಅಲ್ಲಿಂದಲೇ. ಕಾಗದ, ಅಚ್ಚು, ಅಂಚೆ ಇವೆಲ್ಲ ದುಡ್ಡು ಕೊಟ್ಟರೆ ದೊರೆಯುತ್ತವೆ. ಹೊಸದಾಗಿ ಬರೆಯುವ ಒಬ್ಬ ಹುಡುಗನ ಕತೆಯನ್ನು ಎರಡು ಸಲ ಓದಿ, ಅದು ಎಲ್ಲಿ ನಿಂತಿದೆ, ಎಲ್ಲಿ ಕುಸಿದಿದೆ ಎಂದು ಅವನಿಗೆ ತಿಳಿಯುವಂತೆ ನಾಲ್ಕು ಸಾಲು ಬರೆಯುವ ಕೆಲಸ ಮಾತ್ರ ದುಡ್ಡಿಗೆ ದೊರೆಯುವುದಿಲ್ಲ. ನಿಮ್ಮ ಹಣ, ಪುಟ, ಅವಧಿ ಎಲ್ಲವನ್ನೂ ಈ ಓದುವ ಕೆಲಸ ನಿಲ್ಲದಂತೆ ನೋಡಿಕೊಂಡು ಗೊತ್ತುಮಾಡಿ.

ಲೆಕ್ಕ ಹಾಕಿ ನೋಡೋಣ. ನಲವತ್ತು ಜನ ಒಂದು ಸಂಚಿಕೆಗೆ ತಲಾ ಎರಡು ಬರಹ ಕಳಿಸಿದರೆ ಎಂಬತ್ತಾಯಿತು. ಒಂದೊಂದನ್ನು ಇಬ್ಬರು ಅರ್ಧರ್ಧ ಗಂಟೆ ಓದಿ, ಒಬ್ಬರು ಕಾಲು ಗಂಟೆ ಕೂತು ಉತ್ತರ ಬರೆದರೆ ಒಟ್ಟು ನೂರು ಗಂಟೆ ಬೇಕು. ಮೂವರಲ್ಲಿ ಹಂಚಿದರೆ ತಲಾ ಮೂವತ್ಮೂರು ಗಂಟೆ, ಅಂದರೆ ಮೂರು ತಿಂಗಳ ಕಾಲ ವಾರಕ್ಕೆ ಎರಡೂವರೆ ಗಂಟೆ. ಇದು ಆಗದ ಕೆಲಸವಲ್ಲ. ಆದರೆ ಪತ್ರಿಕೆಯ ಹೆಸರು ನಾಲ್ಕು ಜನರ ಬಾಯಿಗೆ ಬಿದ್ದ ಮೇಲೆ ಬರುವ ಬರಹಗಳು ಇನ್ನೂರಾಗುತ್ತವೆ, ಆಗ ಮೊದಲು ನಿಲ್ಲುವುದು ಉತ್ತರ ಬರೆಯುವ ಕೆಲಸ. ಆದ್ದರಿಂದ ವರ್ಷವಿಡೀ ಬಾಗಿಲು ತೆರೆದಿಡಬೇಡಿ. ಸಂಚಿಕೆಗೆ ಒಂದು ತಿಂಗಳು ಮಾತ್ರ ಬರಹ ಸ್ವೀಕರಿಸಿ, ಆ ತಿಂಗಳು ಮುಗಿದ ನಲವತ್ತೈದು ದಿನಗಳಲ್ಲಿ ಪ್ರತಿಯೊಬ್ಬರಿಗೂ ಉತ್ತರ ತಲುಪುತ್ತದೆ ಎಂದು ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಿ. ಅಚ್ಚಾದ ಮಾತನ್ನು ಮುರಿಯುವುದು ಕಷ್ಟ.

ನಾನು ಆರು ವರ್ಷ ಒಂದು ಸಣ್ಣ ಪತ್ರಿಕೆಯನ್ನು ನಡೆಸಿ ನಿಲ್ಲಿಸಿದವನು. ನಿಂತದ್ದು ಬರಹಗಳ ಕೊರತೆಯಿಂದಲ್ಲ. ಮೊದಲ ಸಂಚಿಕೆಯನ್ನು ಉತ್ಸಾಹದಿಂದ ಸಾವಿರ ಪ್ರತಿ ಹಾಕಿಸಿದೆ, ಪ್ರತಿಯೊಂದಕ್ಕೆ ಬೀಳುವ ಖರ್ಚು ಕಡಿಮೆಯಾಗುತ್ತದೆಂದು ಎಲ್ಲರೂ ಹೇಳಿದ್ದರು. ನಾನೂರು ಹೋದವು. ಉಳಿದ ಆರುನೂರು ನನ್ನ ಮಂಚದ ಕೆಳಗೆ ಹನ್ನೊಂದು ಕಟ್ಟುಗಳಾಗಿ ಎರಡು ಮಳೆಗಾಲ ಕಳೆದವು, ಕೆಳಗಿನ ಸಾಲಿನ ಕಟ್ಟುಗಳನ್ನು ಬಿಚ್ಚಿದಾಗ ಹಾಳೆಗಳು ಒಂದಕ್ಕೊಂದು ಅಂಟಿ ಹೋಗಿದ್ದವು. ಅಷ್ಟರಲ್ಲಿ ಮೂರನೆಯ ಸಂಚಿಕೆಗೆ ಇಟ್ಟಿದ್ದ ಹಣ ಮೊದಲನೆಯದಕ್ಕೇ ಮುಗಿದಿತ್ತು. ನಿಮ್ಮ 45,000ವನ್ನು ಒಂದು ಸಂಚಿಕೆಯ ಹಣವೆಂದು ತಿಳಿಯಬೇಡಿ, ಅದು ನಾಲ್ಕು ಸಂಚಿಕೆಗಳ ಹಣ. ಮೊದಲನೆಯದಕ್ಕೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸುರಿಯಬೇಡಿ.

ಚಂದಾ ಹಣದ ವಿಷಯದಲ್ಲಿ ನನ್ನ ಮಾತು ಕಟ್ಟುನಿಟ್ಟಾಗಿದೆ. ಓದುಗ ಕೊಟ್ಟ ವರ್ಷದ ಚಂದಾ ನಿಮ್ಮ ಆದಾಯವಲ್ಲ, ನಾಲ್ಕೂ ಸಂಚಿಕೆ ಅವನ ಕೈ ಸೇರುವವರೆಗೆ ಅದು ಸಾಲ. ನಾನು ‘ಆಜೀವ ಚಂದಾ’ ಎಂದು ಎಂಬತ್ತು ಜನರಿಂದ ಹಣ ಪಡೆದು, ಅದನ್ನು ಅದೇ ವರ್ಷ ಖರ್ಚು ಮಾಡಿ, ಆಮೇಲೆ ಐದು ವರ್ಷ ಅವರಿಗೆ ಕೈಯಿಂದ ಪತ್ರಿಕೆ ಕಳಿಸಿದೆ. ಆಜೀವ ಚಂದಾ ಬೇಡವೇ ಬೇಡ. ‘ಒಂದು ಸಂಪುಟ, ನಾಲ್ಕು ಸಂಚಿಕೆ’ ಎಂದು ಹೇಳಿ ಅಷ್ಟಕ್ಕೆ ಮಾತ್ರ ಹಣ ಪಡೆಯಿರಿ. ನಾಲ್ಕು ಮುಗಿದ ಮೇಲೆ ಮುಂದುವರಿಸುವ ಶಕ್ತಿ ಇದ್ದರೆ ಎರಡನೆಯ ಸಂಪುಟಕ್ಕೆ ಕೇಳಿ. ಸಂಪುಟ ಮುಗಿಸಿ ನಿಲ್ಲಿಸಿದವರಿಗೆ ಯಾರ ಋಣವೂ ಇರುವುದಿಲ್ಲ.

ಈ ಊರುಗಳಲ್ಲಿ ಇದಕ್ಕೆ ದಾರಿ ಹಾಕಿಕೊಟ್ಟವರಿದ್ದಾರೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿತು, ಆರು ವರ್ಷಗಳಲ್ಲಿ, 1896ರಲ್ಲಿ, ‘ವಾಗ್ಭೂಷಣ’ ಪತ್ರಿಕೆಯನ್ನು ಆರಂಭಿಸಿತು. 1933ರಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ ಓದುಗರನ್ನು ಮೊದಲು ಚಂದಾದಾರರನ್ನಾಗಿ ಮಾಡಿಕೊಂಡು, ಅವರನ್ನು ನಂಬಿ ಪುಸ್ತಕ ಹಾಕಿತು. ಸುಭಾಸ ರಸ್ತೆಯಲ್ಲಿ ಗ್ರಂಥಮಾಲೆಯಿರುವ ಆ ಅಟ್ಟವನ್ನು ನೀವು ಹತ್ತಿರದಿಂದಲೇ ಬಲ್ಲಿರಿ. ಇನ್ನು ಕಾದಂಬರಿಕಾರ ಗಳಗನಾಥರು. ಹಾವೇರಿ ಬಳಿಯ ಅಗಡಿಯಲ್ಲಿ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯನ್ನು ನೋಡಿಕೊಂಡ ಅವರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುಗನ ಮನೆ ಬಾಗಿಲಿಗೆ ಹೋಗುವುದು ನಮ್ಮಲ್ಲಿ ಕೀಳಾದ ಕೆಲಸ ಎಂದೂ ಆಗಿರಲಿಲ್ಲ.

ನಿಮಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ‘ಸಂಕ್ರಮಣ’ ಪತ್ರಿಕೆ. 1964ರಲ್ಲಿ ಧಾರವಾಡದಿಂದ ಅದನ್ನು ಆರಂಭಿಸಿದ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಈ ಮೂವರೂ 1939ರಲ್ಲಿ ಹುಟ್ಟಿದವರು, ಅಂದರೆ ಆಗ ಇಪ್ಪತ್ತೈದರ ಹರೆಯದವರು. ಚಂಪಾ ಎಂದೇ ಹೆಸರಾದ ಚಂದ್ರಶೇಖರ ಪಾಟೀಲರು ಹಾವೇರಿ ಸೀಮೆಯ ಹತ್ತಿಮತ್ತೂರಿನವರು, ಗಿರಡ್ಡಿಯವರು ಗದಗ ಸೀಮೆಯ ಅಬ್ಬಿಗೇರಿಯವರು. ನಿಮಗಿಂತ ದೊಡ್ಡ ಗಂಟು ಅವರಲ್ಲಿ ಇದ್ದಿರಲಾರದು. ನಿಮ್ಮಂತೆ ಮೂವರಿದ್ದರು, ತಮ್ಮ ಪೀಳಿಗೆ ಏನನ್ನು ಬರೆಯುತ್ತಿದೆ ಎಂಬ ಅರಿವು ಅವರಿಗಿತ್ತು.

ಅಚ್ಚೋ ಜಾಲವೋ ಎಂಬುದಕ್ಕೆ ನನ್ನ ಉತ್ತರ ಚಿಕ್ಕದು. ಅಚ್ಚು ಹಾಕಿಸಿ, ಆರು ತಿಂಗಳಾದ ಮೇಲೆ ಅದನ್ನೇ ಪಿಡಿಎಫ್ ಮಾಡಿ ಉಚಿತವಾಗಿ ಬಿಡಿ. ಮಗಳ ಹೆಸರು ಅಚ್ಚಾದ ಹಾಳೆಯನ್ನು ಶಿಗ್ಗಾವಿಯ ಒಬ್ಬ ತಾಯಿ ಕಪಾಟಿನಲ್ಲಿ ಇಟ್ಟುಕೊಳ್ಳಬಲ್ಲಳು.

ಉತ್ತರ 2 (ಗದಗಿನಿಂದ)

ಮೇಡಂ, ನಮ್ಮೂರನ್ನು ಮುದ್ರಣ ಕಾಶಿ ಎನ್ನುತ್ತಾರೆ. ಅಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಿಂದ ಆರಂಭಿಸಿ ಇಂದು ಕಂಪ್ಯೂಟರಿನ ಮುಂದೆ ಕೂತವನು ನಾನು. ಮುದ್ರಣದ ಮಟ್ಟಿಗೆ ಮಾತ್ರ ಹೇಳುತ್ತೇನೆ.

ಡೆಮಿ ಒಂದರ ಎಂಟು ಆಕಾರ, ಅಂದರೆ ಸಾಮಾನ್ಯ ಕತೆ ಪುಸ್ತಕದ ಅಳತೆ, ನಿಮಗೆ ಸಾಕು. ಒಂದು ಡೆಮಿ ಹಾಳೆಗೆ ಎರಡೂ ಬದಿ ಸೇರಿ ಹದಿನಾರು ಪುಟ ಬರುತ್ತವೆ, ಅದನ್ನೇ ನಾವು ಒಂದು ಫಾರಂ ಎನ್ನುತ್ತೇವೆ. ನಿಮ್ಮ ಅರವತ್ತನಾಲ್ಕು ಪುಟ ಸರಿಯಾಗಿ ನಾಲ್ಕು ಫಾರಂ ಆಗುತ್ತದೆ. ಮುನ್ನೂರು ಪ್ರತಿಗೆ ಸಾವಿರದ ಇನ್ನೂರು ಹಾಳೆ, ಅಂದರೆ ಐನೂರು ಹಾಳೆಯ ರೀಮಿನ ಲೆಕ್ಕದಲ್ಲಿ ಎರಡೂವರೆ ರೀಮಿಗೆ ಸ್ವಲ್ಪ ಕಡಿಮೆ. ಹಾಳಾಗುವ ಹಾಳೆಗಳನ್ನು ಸೇರಿಸಿ ಎರಡೂವರೆಗಿಂತ ತುಸು ಹೆಚ್ಚು ಹಿಡಿಯಿರಿ. ಎಪ್ಪತ್ತು ಪುಟದ ಬರಹ ಕೂಡಿತೆಂದು ಎಪ್ಪತ್ತು ಪುಟ ಮಾಡಲು ಹೋಗಬೇಡಿ. ಆರು ಪುಟಕ್ಕಾಗಿ ಬೇರೆ ಫಾರಂ ಕಟ್ಟಬೇಕು, ಅದರ ಖರ್ಚು ನಿಮಗೆ ಬೀಳುತ್ತದೆ. ಒಂದು ಕತೆಯನ್ನು ಮುಂದಿನ ಸಂಚಿಕೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಒಳಪುಟಗಳಿಗೆ 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದ, ಮುಖಪುಟಕ್ಕೆ 250 ಜಿಎಸ್‌ಎಂ ಆರ್ಟ್ ಕಾರ್ಡ್, ನಡುವೆ ಎರಡು ಪಿನ್ನು. ಹೀಗೆ ಮಾಡಿದರೆ ಒಂದು ಪ್ರತಿ ಹೆಚ್ಚುಕಡಿಮೆ 83 ಗ್ರಾಂ ತೂಗುತ್ತದೆ, ತೆಳ್ಳನೆಯ ಲಕೋಟೆ ಸೇರಿದರೂ ನೂರು ಗ್ರಾಂ ದಾಟುವುದಿಲ್ಲ. ಅಂಚೆಯಲ್ಲಿ ದರ ತೂಕದ ಮೆಟ್ಟಿಲ ಮೇಲೆ ಏರುವುದರಿಂದ ಇದನ್ನು ಹೇಳುತ್ತಿದ್ದೇನೆ. ದಪ್ಪ ಕಾಗದ ನೋಡಲು ಚೆಂದ, ಆದರೆ ಆ ಚೆಂದಕ್ಕೆ ಪ್ರತಿ ಲಕೋಟೆಗೂ ತೆರಬೇಕಾಗುತ್ತದೆ.

ಆಫ್‌ಸೆಟ್ಟಿನಲ್ಲಿ ಪ್ಲೇಟು ಮಾಡಿಸುವ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಡಿಜಿಟಲ್ಲಿನಲ್ಲಿ ಪ್ಲೇಟಿಲ್ಲ, ಆದರೆ ಪ್ರತಿಯೊಂದು ಪುಟಕ್ಕೂ ದರ ಬೀಳುತ್ತದೆ. ನಿಮ್ಮ ಮುನ್ನೂರು ಈ ಎರಡರ ನಡುವಿನ ಗಡಿಯಲ್ಲಿದೆ. ಎರಡಕ್ಕೂ ಬರವಣಿಗೆಯಲ್ಲಿ ದರ ಕೇಳಿ, ಮೂರು ಕಡೆ ಕೇಳಿ, ಕಾಗದದ ಜಿಎಸ್‌ಎಂ ಕೂಡ ಆ ಚೀಟಿಯಲ್ಲಿ ಬರೆಸಿಕೊಳ್ಳಿ. ಮೊದಲ ಸಂಚಿಕೆಯನ್ನು ನೂರೈವತ್ತು ಪ್ರತಿ ಡಿಜಿಟಲ್ಲಿನಲ್ಲಿ ಹಾಕಿಸಿ, ಬೇಡಿಕೆ ಬಂದರೆ ಮತ್ತೆ ಐವತ್ತು ತೆಗೆಸುವುದು ನನಗೆ ಸರಿ ಕಾಣುತ್ತದೆ. ಹುಬ್ಬಳ್ಳಿಯ ಹಿರಿಯರು ಹೇಳಿದ ಹನ್ನೊಂದು ಕಟ್ಟುಗಳಂಥವನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ.

ಈಗ ಮುಖ್ಯವಾದದ್ದು, ಅಕ್ಷರ. ಹುಡುಗರು ಮೊಬೈಲಿನಲ್ಲಿ ಯೂನಿಕೋಡಿನಲ್ಲಿ ಬರೆದು ಕಳಿಸುತ್ತಾರೆ, ಬಹಳ ಮುದ್ರಣಾಲಯಗಳಲ್ಲಿ ಪುಟ ಕಟ್ಟುವುದು ಇನ್ನೂ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ, ಇವೆರಡರ ಸಂಕೇತಗಳು ಬೇರೆ ಬೇರೆ. ಪರಿವರ್ತಕದಲ್ಲಿ ಹಾಕಿ ತೆಗೆದಾಗ ‘ಬಸ್‌ನಲ್ಲಿ’ ಎಂದಿದ್ದದ್ದು ‘ಬಸ್ನಲ್ಲಿ’ ಎಂದು ಒತ್ತಕ್ಷರವಾಗಿ ಕೂರುತ್ತದೆ, ಉದ್ಧರಣ ಚಿಹ್ನೆಗಳು ಬೇರೆ ಏನೋ ಆಗುತ್ತವೆ, ಕವಿತೆಯ ಸಾಲುಗಳು ಒಂದರ ಹಿಂದೊಂದು ಸೇರಿ ಗದ್ಯವಾಗುತ್ತವೆ. ಒಮ್ಮೆ ನಾನೇ ಒಂದು ಹನ್ನೆರಡು ಸಾಲಿನ ಕವಿತೆಯನ್ನು ಏಳು ಸಾಲು ಮಾಡಿ ಅಚ್ಚಿಗೆ ಬಿಟ್ಟಿದ್ದೆ, ಕವಿ ಬಂದು ಏನೂ ಮಾತಾಡದೆ ಪ್ರತಿ ಹಿಡಿದು ನಿಂತದ್ದು ಇವತ್ತಿಗೂ ಕಣ್ಣ ಮುಂದಿದೆ. ನಿಮ್ಮ ಡಿಟಿಪಿಯ ಗೆಳತಿ ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನಿನಲ್ಲಿ ನೇರವಾಗಿ ಯೂನಿಕೋಡಿನಲ್ಲೇ ಪುಟ ಕಟ್ಟಿದರೆ ಈ ತೊಂದರೆಯ ಬಹುಪಾಲು ಹೋಗುತ್ತದೆ. ಪರಿವರ್ತನೆ ಮಾಡಲೇಬೇಕಾದರೆ, ಮಾಡಿದ ಮೇಲೆ ಮೂಲವನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಕೊನೆಯ ಕರಡನ್ನು ಬರೆದವರಿಗೂ ಕಳಿಸಿ, ಮೂರು ದಿನದ ಗಡುವು ಕೊಡಿ.

ಉತ್ತರ 3 (ಧಾರವಾಡದಿಂದ)

ನಾನು ವಕೀಲ. ನೋಂದಣಿ, ಅಂಚೆ, ಹಕ್ಕು ಈ ಮೂರು ವಿಷಯಗಳನ್ನು ತಿಳಿದಷ್ಟು ವಿವರಿಸುತ್ತೇನೆ.

ಪತ್ರಿಕೆಗಳ ನೋಂದಣಿಗಿದ್ದ 1867ರ ಹಳೆಯ ಕಾಯ್ದೆ ಈಗಿಲ್ಲ. ಅದರ ಬದಲಿಗೆ ಬಂದ 2023ರ ಪತ್ರಿಕಾ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಮೊದಲಿನಂತೆ ಜಿಲ್ಲಾ ದಂಡಾಧಿಕಾರಿಯವರ ಮುಂದೆ ಹೋಗಿ ಘೋಷಣಾ ಪತ್ರ ಸಲ್ಲಿಸಿ, ಆಮೇಲೆ ದೆಹಲಿಗೆ ಬರೆಯುವ ಪದ್ಧತಿ ಹೋಗಿ, ಪ್ರೆಸ್ ಸೇವಾ ಪೋರ್ಟಲ್ ಎಂಬ ಸರ್ಕಾರಿ ಜಾಲತಾಣದಲ್ಲಿ ಶೀರ್ಷಿಕೆಗೂ ನೋಂದಣಿಗೂ ಒಂದೇ ಅರ್ಜಿ ಹಾಕುವ ವ್ಯವಸ್ಥೆ ಬಂದಿದೆ. ಕನ್ನಡದಲ್ಲಿ ಈಗಾಗಲೇ ನೋಂದಾಯಿತವಾದ ಹೆಸರನ್ನಾಗಲಿ ಅದನ್ನು ಹೋಲುವ ಹೆಸರನ್ನಾಗಲಿ ಕೊಡುವುದಿಲ್ಲವಾದ್ದರಿಂದ ಕೈಯಲ್ಲಿ ನಾಲ್ಕೈದು ಹೆಸರು ಇಟ್ಟುಕೊಂಡು ಹೋಗಿ.

ಈ ಕಾಯ್ದೆ ನಿಯತಕಾಲಿಕೆ ಎನ್ನುವುದು ಗೊತ್ತಾದ ಅವಧಿಗೊಮ್ಮೆ ಅಚ್ಚಾಗಿ ಬರುವ, ಸಾರ್ವಜನಿಕ ಸುದ್ದಿ ಅಥವಾ ಅದರ ಮೇಲಿನ ಟಿಪ್ಪಣಿ ಇರುವ ಪ್ರಕಟಣೆಯನ್ನು. ಪುಸ್ತಕ ಅದರೊಳಗೆ ಬರುವುದಿಲ್ಲ. ಕತೆ, ಕವಿತೆಗಳಷ್ಟೇ ಇರುವ ಸಂಕಲನವನ್ನು ಕಾಲಬದ್ಧವಾಗಿ ಅಲ್ಲದೆ, ಬಿಡಿ ಪುಸ್ತಕವಾಗಿ ತರುವ ದಾರಿಯೂ ಆದ್ದರಿಂದ ನಿಮಗಿದೆ. ಪುಸ್ತಕಕ್ಕೆ ಅದನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಶುಲ್ಕವಿಲ್ಲದೆ ಕೊಡುತ್ತದೆ. ‘ಖಾಸಗಿ ಪ್ರಸಾರಕ್ಕಾಗಿ ಮಾತ್ರ’ ಎಂದು ಮುಖಪುಟದ ಹಿಂದೆ ಅಚ್ಚು ಹಾಕಿ ಹತ್ತಾರು ವರ್ಷ ನಡೆಸಿದ ಪತ್ರಿಕೆಗಳುಂಟು, ಆದರೆ ಬೆಲೆ ಬರೆದು, ಚಂದಾ ಪಡೆದು, ಅಂಗಡಿಯಲ್ಲಿಟ್ಟು ಮಾರುತ್ತ ಆ ಸಾಲಿನ ಮರೆಯಲ್ಲಿ ನಿಲ್ಲುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ. ನಾಲ್ಕು ಸಂಚಿಕೆಗಳಾಚೆ ನಡೆಸುವ ಮನಸ್ಸಿದ್ದರೆ ನೋಂದಣಿ ಮಾಡಿಸಿ. ಯಾವ ದಾರಿ ಹಿಡಿದರೂ ಪ್ರಕಾಶಕರು, ಸಂಪಾದಕರು, ಮುದ್ರಕರು, ಮುದ್ರಣವಾದ ಸ್ಥಳ, ತಿಂಗಳು ಇವನ್ನು ಕಡ್ಡಾಯವಾಗಿ ಅಚ್ಚು ಹಾಕಿಸಿ.

ಐಎಸ್‌ಎಸ್‌ಎನ್, ಅಂದರೆ ನಿಯತಕಾಲಿಕೆಯನ್ನು ಗುರುತಿಸುವ ಸಂಖ್ಯೆಯೂ ಉಚಿತವೇ. ಆದರೆ ಅದು ಮುಖಪುಟದಲ್ಲಿ ಕಂಡ ದಿನದಿಂದ ಕಾಲೇಜು ಅಧ್ಯಾಪಕ ಹುದ್ದೆಯ ಬಡ್ತಿಯ ಅಂಕಗಳಿಗಾಗಿ ಸಂಶೋಧನ ಲೇಖನ ಹಾಕಿಸಿಕೊಳ್ಳಲು, ‘ಖರ್ಚು ನಾವೇ ಕೊಡುತ್ತೇವೆ’ ಎನ್ನುವವರೂ ಬರುತ್ತಾರೆ. ಹಣ ಪಡೆದು ಒಂದು ಪುಟ ಹಾಕಿದರೂ ಹೊಸಬರ ಪತ್ರಿಕೆ ಎಂಬ ನಿಮ್ಮ ಮಾತು ಅಲ್ಲಿಗೆ ಮುಗಿಯಿತು.

ಅಂಚೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. ನೋಂದಣಿ ಆದೊಡನೆ ಅಗ್ಗದ ದರ ದೊರೆಯುತ್ತದೆ ಎಂದುಕೊಳ್ಳುತ್ತಾರೆ. 1898ರ ಅಂಚೆ ಕಾಯ್ದೆಯ ಕಾಲದಿಂದ ಈ ರಿಯಾಯಿತಿಗೆ ಇದ್ದ ಷರತ್ತೆಂದರೆ, ಪತ್ರಿಕೆ 31 ದಿನಗಳಿಗೆ ಮೀರದ ಅಂತರದಲ್ಲಿ ಬರಬೇಕು ಮತ್ತು ನಿಜವಾದ ಚಂದಾದಾರರ ಪಟ್ಟಿ ಇರಬೇಕು. ಮೂರು ತಿಂಗಳಿಗೊಮ್ಮೆ ಬರುವ ಪತ್ರಿಕೆ ಆ ರಿಯಾಯಿತಿಯನ್ನು ನಂಬಿ ಚಂದಾ ಗೊತ್ತುಮಾಡಬಾರದು. ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆಯನ್ನು ಪುಸ್ತಕಗಳಿಗಾಗಿ ಆರಂಭಿಸಿತು. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಅದರಲ್ಲಿ ಜಾಹೀರಾತು ಹೊತ್ತ ಪ್ರಕಟಣೆಗಳಿಗೆ ಅವಕಾಶವಿಲ್ಲ. ಜಾಹೀರಾತು ತೆಗೆದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಅಂಗಡಿಯ ಜಾಹೀರಾತೊಂದು ತರುವ ಹಣ, ಅದರಿಂದ ಏರುವ ಅಂಚೆ ಖರ್ಚು ಇವೆರಡನ್ನೂ ಪಕ್ಕಪಕ್ಕ ಬರೆದು ನೋಡಿ ನಿರ್ಧರಿಸಿ.

ಕೊನೆಯದಾಗಿ ಹಕ್ಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರಹದ ಮೊದಲ ಒಡೆಯ ಬರೆದವನೇ. ಆ ಹಕ್ಕನ್ನು ವರ್ಗಾಯಿಸುವುದು ಬರವಣಿಗೆಯಲ್ಲಿ, ಸಹಿಯೊಡನೆ ಆಗಬೇಕು. ಎಷ್ಟು ಕಾಲಕ್ಕೆ ಎಂದು ಬರೆದಿಲ್ಲದಿದ್ದರೆ ಅದು ಐದು ವರ್ಷಕ್ಕೆ ಎಂದು ಕಾಯ್ದೆ ತಿಳಿಯುತ್ತದೆ. ‘ಪ್ರಕಟವಾದ ಬರಹಗಳ ಎಲ್ಲ ಹಕ್ಕುಗಳು ಪತ್ರಿಕೆಯವು’ ಎಂಬ ಸಾಲನ್ನು ನೋಡಿ ಬರೆದು ಹಾಕಿಬಿಡುವುದು ರೂಢಿಯಾಗಿದೆ, ನೀವು ಹಾಗೆ ಮಾಡಬೇಡಿ. ಈ ಹುಡುಗರಲ್ಲಿ ಕೆಲವರು ನಾಳೆ ಮೊದಲ ಸಂಕಲನ ತರುತ್ತಾರೆ, ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿಯ ಪ್ರೋತ್ಸಾಹಧನಕ್ಕೆ ಅರ್ಜಿ ಹಾಕುತ್ತಾರೆ. ಆಗ ಅವರ ಕತೆಗೆ ಅವರು ನಿಮ್ಮ ಅನುಮತಿ ಕೇಳುವಂತಾಗಬಾರದು. ‘ಅಚ್ಚಿನಲ್ಲಿ ಮೊದಲ ಬಾರಿ ಪ್ರಕಟಿಸುವ ಮತ್ತು ಆ ಸಂಚಿಕೆಯ ಪಿಡಿಎಫ್ ಹಂಚುವ ಅನುಮತಿ ಮಾತ್ರ ಪತ್ರಿಕೆಗೆ, ಉಳಿದದ್ದೆಲ್ಲ ಬರೆದವರದು’ ಎಂದು ಒಂದು ಚೀಟಿ ಮಾಡಿಕೊಂಡು ಇಬ್ಬರೂ ಸಹಿ ಹಾಕಿ. ಅಷ್ಟು ಸಾಕು.

ಉತ್ತರ 4 (ಹಾನಗಲ್ಲಿನಿಂದ)

ಅಕ್ಕಾ, ನಾನು ಪತ್ರಿಕೆ ನಡೆಸಿದವಳಲ್ಲ, ಬರೆದು ಕಳಿಸುವವಳು. ಮೇಲಿನ ಹಿರಿಯರು ಎಲ್ಲವನ್ನೂ ಹೇಳಿದ್ದಾರೆ, ಆದರೆ ಕಳಿಸುವವರ ಕಡೆಯ ಮಾತೊಂದು ಉಳಿದಿದೆ.

ನನ್ನ ಮೊದಲ ಕತೆ ಒಂದು ವಿಶೇಷಾಂಕದಲ್ಲಿ ಬಂತು. ನಾನು ಬರೆದ ಮೊದಲ ಸಾಲು ಹೀಗಿತ್ತು: ‘ಅವ್ವ ಒಲಿ ಮುಂದ ಕುಂತು, ಹಸೀ ಕಟಗಿ ಊದಿ ಊದಿ ಕಣ್ಣ ಕೆಂಪ ಮಾಡ್ಕೊಂಡಿದ್ಲು.’ ಅಚ್ಚಾಗಿ ಬಂದದ್ದು: ‘ತಾಯಿ ಒಲೆಯ ಮುಂದೆ ಕುಳಿತು, ಹಸಿ ಕಟ್ಟಿಗೆಯನ್ನು ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡಿದ್ದಳು.’ ಯಾರೂ ನನ್ನನ್ನು ಕೇಳಿರಲಿಲ್ಲ. ಪತ್ರಿಕೆಯನ್ನು ಅವ್ವನಿಗೆ ಓದಿ ಹೇಳಿದಾಗ ಅವಳು ‘ಯಾರ ಮನಿ ಕತಿ ಇದು?’ ಎಂದು ಕೇಳಿದಳು. ಆ ಪ್ರತಿಯನ್ನು ನಾನು ಯಾರಿಗೂ ತೋರಿಸಲಿಲ್ಲ.

ಎರಡನೆಯ ಕತೆಯನ್ನು ಬೇರೊಂದು ಸಣ್ಣ ಪತ್ರಿಕೆಗೆ ಕಳಿಸಿದೆ. ಅದು ಹಿಂದಿರುಗಿ ಬಂತು. ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿತ್ತು: ‘ನಿರೂಪಕಿ ಮೊದಲ ಪುಟದಲ್ಲಿ ಕುಂತಿದ್ಲು ಅನ್ನುತ್ತಾಳೆ, ಮೂರನೆಯ ಪುಟದಲ್ಲಿ ಕುಳಿತಿದ್ದಳು ಅನ್ನುತ್ತಾಳೆ. ದವಾಖಾನೆಗೆ ಹೋದ ಕೂಡಲೇ ಅವಳ ಮಾತು ಬದಲಾಗುತ್ತದೆಯೆ? ಹಾಗೆ ನೀವು ಬೇಕೆಂದೇ ಮಾಡಿದ್ದರೆ ಅದು ಓದುವವರಿಗೆ ಇನ್ನೂ ಸ್ಪಷ್ಟವಾಗಲಿ. ಗೊತ್ತಿಲ್ಲದೆ ಆಗಿದ್ದರೆ ಯಾವುದು ಅವಳ ದನಿ ಎಂದು ನೀವೇ ತೀರ್ಮಾನಿಸಿ, ಇನ್ನೊಮ್ಮೆ ಕಳಿಸಿ.’ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ದವಾಖಾನೆಯಲ್ಲಿ ಡಾಕ್ಟರ ಮುಂದೆ ನನ್ನ ನಿರೂಪಕಿ ನಾಚಿಕೆಯಿಂದ ಪುಸ್ತಕದ ಭಾಷೆಗೆ ಜಾರುತ್ತಿದ್ದಳು, ಕತೆ ಇದ್ದದ್ದೇ ಆ ನಾಚಿಕೆಯಲ್ಲಿ. ಆ ಪೆನ್ಸಿಲಿನ ಸಾಲುಗಳಿಲ್ಲದಿದ್ದರೆ ನನ್ನ ಕತೆ ಏನೆಂದು ನನಗೇ ತಿಳಿಯುತ್ತಿರಲಿಲ್ಲ. ನಾಲ್ಕು ಸಲ ತಿದ್ದಿ ಕಳಿಸಿದೆ, ಐದನೆಯದಕ್ಕೆ ಅಚ್ಚಾಯಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹಾವೇರಿ ಕಡೆಯ ಮಾತಿಗೂ ಗದಗ ಕಡೆಯ ಮಾತಿಗೂ ಇರುವ ವ್ಯತ್ಯಾಸವನ್ನು ಕರಡು ತಿದ್ದುವವರು ತಪ್ಪೆಂದು ಹಿಡಿಯಬಾರದು. ‘ಮುಂದ’ ಎಂದಿದ್ದರೆ ‘ಮುಂದ’ ಎಂದೇ ಇರಲಿ. ಒಂದೇ ಕತೆಯಲ್ಲಿ ಅದು ಅಲ್ಲಲ್ಲಿ ಬೇರೆಯಾದರೆ ಕೇಳಿ, ನೀವೇ ಬದಲಿಸಬೇಡಿ. ಇನ್ನೊಂದು: ಸಂಭಾವನೆ ಕೊಡಲು ಆಗದಿದ್ದರೆ ಹಾಗೆಂದು ಮೊದಲೇ ತಿಳಿಸಿ, ಎರಡು ಗೌರವಪ್ರತಿಯನ್ನಂತೂ ತಪ್ಪದೆ ಕಳಿಸಿ. ನನ್ನ ಕತೆ ಬಂದ ಸಂಚಿಕೆಯನ್ನು ಹುಡುಕಿಕೊಂಡು ನಾನು ಹಾನಗಲ್ಲಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ, ದುಡ್ಡು ಕೊಟ್ಟು ತಂದಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಮೂವರೂ ಕೂಡಿ ಪ್ರತಿಯೊಂದು ಉತ್ತರವನ್ನೂ ಗಟ್ಟಿಯಾಗಿ ಓದಿದೆವು. ಹಾನಗಲ್ಲಿನ ತಂಗಿಯ ಮಾತು ಓದುವಾಗ ನನ್ನ ಅಣ್ಣಿಗೇರಿಯ ಗೆಳತಿ ನಡುವೆಯೇ ತಡೆದು, ಕಳೆದ ತಿಂಗಳು ನಾವೇ ಒಬ್ಬ ಹುಡುಗನ ಕತೆಯಲ್ಲಿ ‘ಹೋಗೂಣು’ ಎಂಬುದನ್ನು ‘ಹೋಗೋಣ’ ಎಂದು ತಿದ್ದಿದ್ದನ್ನು ನೆನಪಿಸಿದಳು. ಅವನಿಗೆ ಇವತ್ತು ಬೆಳಿಗ್ಗೆ ಪತ್ರ ಬರೆದಿದ್ದೇನೆ.

ನಮ್ಮ ಯೋಜನೆ ಹೀಗೆ ಬದಲಾಗಿದೆ. ಮೊದಲ ವರ್ಷ ತ್ರೈಮಾಸಿಕ ಬೇಡ, ಎರಡೇ ಸಂಕಲನಗಳನ್ನು ಬಿಡಿ ಪುಸ್ತಕಗಳಾಗಿ ತರುತ್ತೇವೆ. ನಾಲ್ಕು ಫಾರಂ, ನೂರೈವತ್ತು ಪ್ರತಿ, ಜಾಹೀರಾತಿಲ್ಲ. ಎರಡಕ್ಕೂ ಸೇರಿಸಿ ಒಂದೇ ಸಲ ಹಣ ಪಡೆಯುತ್ತೇವೆ. ಆ ಹಣವನ್ನು ಬೇರೆ ಖಾತೆಯಲ್ಲಿಟ್ಟು, ಎರಡನೆಯ ಸಂಕಲನ ತಲುಪುವವರೆಗೆ ಅದರ ಅರ್ಧವನ್ನು ಮುಟ್ಟುವುದಿಲ್ಲವೆಂದು ಲೆಕ್ಕ ಬರೆಯುವ ಗೆಳತಿ ಪಟ್ಟು ಹಿಡಿದಿದ್ದಾಳೆ. ಒಂದು ವರ್ಷ ಉತ್ತರ ಬರೆಯುವ ಕೆಲಸ ತಪ್ಪದೆ ನಡೆದರೆ ಪತ್ರಿಕೆಯ ಹೆಸರಿಗೆ ಅರ್ಜಿ ಹಾಕುತ್ತೇವೆ.

ಒಂದು ಸಂಶಯ ಉಳಿದಿದೆ. ನಾವು ಮೂವರೂ ಬರೆಯುವವರೇ. ನಮ್ಮ ಬರಹಗಳನ್ನು ನಮ್ಮ ಸಂಕಲನದಲ್ಲಿ ಹಾಕಿಕೊಳ್ಳಬಹುದೇ? ಗೆಳತಿಯ ಒಂದು ಕತೆ ನಿಜವಾಗಿಯೂ ಚೆನ್ನಾಗಿದೆ, ಬೇಡವೆನ್ನಲು ಮನಸ್ಸು ಬರುತ್ತಿಲ್ಲ.

ಉತ್ತರ 5 (ಮತ್ತೆ ಹುಬ್ಬಳ್ಳಿಯಿಂದ)

ಮೊದಲ ವರ್ಷ ಬೇಡ. ಆ ಕತೆ ಚೆನ್ನಾಗಿದೆ ಎಂಬುದನ್ನು ನಾನು ನಂಬುತ್ತೇನೆ, ಚೆನ್ನಾಗಿರುವುದರಿಂದಲೇ ಅದು ಬೇರೆಯವರ ಕೈಯಿಂದ ಆಯ್ಕೆಯಾಗಿ ಬೇರೆ ಕಡೆ ಬರಲಿ. ನೀವು ಎಷ್ಟೋ ಜನರಿಗೆ ‘ಈ ಸಲ ಆಗಲಿಲ್ಲ’ ಎಂದು ಬರೆಯುವವರು. ಆ ಪತ್ರ ಪಡೆದವನು ಪುಸ್ತಕ ತೆರೆದಾಗ ಸಂಪಾದಕಿಯ ಕತೆ ಮೊದಲು ಕಂಡರೆ, ನೀವು ಎಷ್ಟು ಶ್ರದ್ಧೆಯಿಂದ ಬರೆದ ಪತ್ರವಾದರೂ ಅದರ ಮೇಲೆ ಅವನಿಗೆ ವಿಶ್ವಾಸ ಉಳಿಯುವುದಿಲ್ಲ. ಸಂಪಾದಕೀಯ ಬರೆಯಿರಿ, ಅದೂ ಒಂದೂವರೆ ಪುಟ ಮೀರದಿರಲಿ.

ಆಯ್ಕೆಯಾಗದ ಬರಹಗಳಿಗೆ ಕಳಿಸುವ ಪತ್ರವನ್ನು ಒಂದೇ ಮಾದರಿಯಲ್ಲಿ ಸಿದ್ಧಮಾಡಿಟ್ಟುಕೊಳ್ಳಬೇಡಿ. ಆ ಬರಹದೊಳಗಿನ ಒಂದು ಸಾಲನ್ನಾದರೂ ಎತ್ತಿ ಬರೆಯಿರಿ, ನೀವು ಓದಿದ್ದೀರಿ ಎಂಬುದು ಅದರಿಂದ ತಿಳಿಯುತ್ತದೆ.

ಕೊನೆಯ ಕರಡಿಗೆ ಹೊರಗಿನವರ ಒಂದು ಜೊತೆ ಕಣ್ಣು ಬೇಕಾಗುತ್ತದೆ. ನನಗೆ ಕಳಿಸಿದರೆ ನಾಲ್ಕು ದಿನದಲ್ಲಿ ನೋಡಿ ಕೊಡುತ್ತೇನೆ. ಕಾಗದದ ಮೇಲೆ ತೆಗೆಸಿ, ಸಾಲುಗಳ ನಡುವೆ ಸ್ವಲ್ಪ ಜಾಗ ಬಿಟ್ಟು ಕಳಿಸಿ, ಪರದೆಯ ಮೇಲೆ ನನಗೆ ಒತ್ತಕ್ಷರಗಳು ಸರಿಯಾಗಿ ಕಾಣುವುದಿಲ್ಲ. ಆ ‘ಹೋಗೂಣು’ ಎಂದು ಬರೆದ ಹುಡುಗನ ಕತೆ ಅದರಲ್ಲಿದ್ದರೆ ಮೂಲ ಪ್ರತಿಯನ್ನೂ ಜೊತೆಗೆ ಇಡಿ.